ಅತ್ತೆಯ ದಿಂಬು

ನಗಬೇಡಿ, ನಮ್ಮ ಮನೆಯ ಜಗಲಿಯಲ್ಲಿ ಅತ್ತೆಯವರ ಮಂಚದ ಪಕ್ಕದಲ್ಲೇ ಒಂದು ‘ಅತ್ತೆಯ ದಿಂಬು’ ಇದೆ. ತಂದಿಟ್ಟವಳು ನಾನಂತೂ ಅಲ್ಲ! ನನ್ನ ಮೈದುನನ ಮಗಳು ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಹೋದ ದೀಪಾವಳಿಗೆ ತರೀಕೆರೆಗೆ ಬರುವಾಗ ಬೆಂಗಳೂರಿನ ನರ್ಸರಿಯಿಂದ ಒಂದು ಕುಂಡ ಹಿಡಿದುಕೊಂಡೇ ಬಂದಳು. ಕಿತ್ತಳೆಹಣ್ಣಿನ ಗಾತ್ರದ ಗುಂಡನೆಯ ಕಳ್ಳಿ, ಮೈತುಂಬ ಹೊಂಬಣ್ಣದ ಮುಳ್ಳು. ಸಂಜೆ ಬಿಸಿಲು ಬಿದ್ದರೆ ಜರತಾರಿಯ ಹಾಗೆ ಮಿನುಗುತ್ತದೆ. ಇಂಗ್ಲಿಷಿನವರು ಅದಕ್ಕಿಟ್ಟ ಅಡ್ಡಹೆಸರೇ ಅತ್ತೆಯ ದಿಂಬು. ಅದರ ತವರಾದ ಮೆಕ್ಸಿಕೋದವರ ಸ್ಪ್ಯಾನಿಷ್ ಭಾಷೆಯಲ್ಲೂ ‘ಅತ್ತೆಯ ಪೀಠ’ ಅನ್ನುವ ಹೆಸರಿದೆಯಂತೆ. ನಮ್ಮ ಕಥೆ ಎಲ್ಲ ದೇಶದಲ್ಲೂ ಒಂದೇ ನೋಡಿ.

ಆ ಹುಡುಗಿ ಇದನ್ನು ಅತ್ತೆಯವರ ಎದುರಿಗೇ ಹೇಳಿದಾಗ ನನ್ನ ಕೈಯಲ್ಲಿದ್ದ ಕಾಫಿ ಲೋಟ ನಡುಗಿತು. ಅತ್ತೆಯವರು ಕನ್ನಡಕ ಏರಿಸಿ ಗಿಡವನ್ನು ನೋಡಿದರು, ನನ್ನನ್ನು ನೋಡಿದರು. “ಸರಿ ಕಣೇ, ಕೂತ್ಕೊಳ್ಳೋಕೆ ಯಾವತ್ತು ಕರೀತೀಯ?” ಅಂದು ನಕ್ಕೇಬಿಟ್ಟರು.

“ದೊಡ್ಡಮ್ಮ, ಇದು ಕಾಡಿನಲ್ಲಿ ಅಳಿದುಹೋಗ್ತಾ ಇರೋ ಗಿಡ” ಅಂದಳು ಹುಡುಗಿ. ನಾನು ನಂಬಲಿಲ್ಲ. ನರ್ಸರಿಯಲ್ಲಿ ಸಾಲುಸಾಲಾಗಿ ಜೋಡಿಸಿಟ್ಟು 250 ರೂಪಾಯಿಗೆ ಮಾರುವ ಗಿಡ ಅಪರೂಪ ಹೇಗಾದೀತು, ನೀವೇ ಹೇಳಿ? ಆಮೇಲೆ ಅವಳು ಹೇಳಿದ್ದು, ನಾನು ಕೆದಕಿ ಕೇಳಿದ್ದು ಎಲ್ಲ ಸೇರಿ ಈ ಬರಹವಾಗಿದೆ.

ಮರುಭೂಮಿ ಅಂದರೆ ಮರಳಿನ ದಿಣ್ಣೆ, ಒಂಟೆ ಅಂತಲೇ ನಾನು ತಿಳಿದಿದ್ದೆ. ಇದರ ಊರು ಹಾಗಿಲ್ಲ. ಮೆಕ್ಸಿಕೋದ ಕೆರೆತಾರೊ ಮತ್ತು ಇದಾಲ್ಗೊ ರಾಜ್ಯಗಳ ಗಡಿಯಲ್ಲಿ ಮೊಕ್ತೆಸುಮಾ ಅನ್ನುವ ನದಿ ಆಳವಾದ ಕಮರಿ ಕೊರೆದುಕೊಂಡು ಹರಿಯುತ್ತದೆ. ಕೆಳಗೆ ನೀರು, ಮೇಲೆ ಸುಡುವ ಬಂಡೆಯ ಗೋಡೆ. ಆ ಗೋಡೆಯ ಬಿರುಕುಗಳಲ್ಲಿ ಹಿಡಿ ಮಣ್ಣು ಸಿಕ್ಕಿದರೆ ಸಾಕು, ಈ ಕಳ್ಳಿ ಬೇರೂರುತ್ತದೆ. ಮಳೆ ವರ್ಷದಲ್ಲಿ ಕೆಲವೇ ತಿಂಗಳು. ಬಂದಷ್ಟನ್ನೂ ಬೇರು ಹೀರಿಕೊಳ್ಳುತ್ತದೆ. ಆಗ ಗಿಡದ ಮೈಮೇಲಿನ ಮಡಿಕೆಗಳು, ನಮ್ಮ ಲಂಗದ ನೆರಿಗೆ ಬಿಚ್ಚಿಕೊಂಡ ಹಾಗೆ, ಅಗಲವಾಗುತ್ತವೆ. ನೀರು ಖರ್ಚಾದಂತೆ ಮತ್ತೆ ಮಡಚಿಕೊಳ್ಳುತ್ತವೆ. ಹಗಲು ಉಸಿರಾಡಿದರೆ ನೀರು ಆವಿಯಾದೀತು ಅಂತ ಮೈಯ ರಂಧ್ರಗಳನ್ನು ರಾತ್ರಿ ಹೊತ್ತು ಮಾತ್ರ ತೆರೆಯುತ್ತದೆ. ಇಷ್ಟು ಲೆಕ್ಕಾಚಾರದಲ್ಲಿ ಸಂಸಾರ ನಡೆಸುವುದು ನಮಗೂ ಕಷ್ಟವೇ!

ಬೆಳವಣಿಗೆ ಮಾತ್ರ ಬಹಳ ನಿಧಾನ. ಹೂ ಬಿಡಲು ಹದಿನೈದು ಇಪ್ಪತ್ತು ವರ್ಷ ಬೇಕು. ನೆತ್ತಿಯ ಮೇಲೆ ಹತ್ತಿಯಂಥ ನಾರು, ಅದರ ನಡುವೆ ಉಂಗುರದಂತೆ ಹಳದಿ ಹೂಗಳು. ಜರ್ಮನಿಯ ಹರ್ಮನ್ ಗ್ರುಸನ್ ಎಂಬ ಕಾರ್ಖಾನೆ ಯಜಮಾನನಿಗೆ ಕಳ್ಳಿಗಿಡಗಳ ಹುಚ್ಚಿತ್ತಂತೆ. ಅವನ ಗೌರವಕ್ಕೆ ಇದಕ್ಕೆ ‘ಎಕಿನೊಕ್ಯಾಕ್ಟಸ್ ಗ್ರುಸೋನಿ’ ಅಂತ ಹೆಸರಿಟ್ಟರು. 2014ರಲ್ಲಿ ಇನ್ನೊಂದು ಕುಲಕ್ಕೆ ಸೇರಿಸಿ ‘ಕ್ರೋನ್‌ಲೈನಿಯ’ ಅಂದರು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಹೆಸರು ಬದಲಾಯಿಸಿಕೊಳ್ಳುವ ಪಾಡು ನಮ್ಮೊಬ್ಬರದೇ ಅಲ್ಲ ಬಿಡಿ.

ಈಗ ನಿಜವಾದ ಸಂಗತಿಗೆ ಬರುತ್ತೇನೆ. 1990ರ ದಶಕದಲ್ಲಿ ಆ ಕಮರಿಗೆ ಅಡ್ಡಲಾಗಿ ಸಿಮಾಪಾನ್ ಅಣೆಕಟ್ಟು ಕಟ್ಟಿದರು, ವಿದ್ಯುತ್ತಿಗಾಗಿ. ನೀರು ಏರುತ್ತಾ ಏರುತ್ತಾ ಕಳ್ಳಿ ಬೆಳೆಯುತ್ತಿದ್ದ ಬಂಡೆಗಳ ಬಹುಭಾಗ ಮುಳುಗಿತು. ಹನಿ ನೀರಿಗಾಗಿ ಜೀವ ಹಿಡಿದುಕೊಂಡಿದ್ದ ಗಿಡ ಕಡೆಗೆ ನೀರಿನಲ್ಲೇ ಹೋಯಿತು. ಮುಳುಗುವ ಮುಂಚೆ ಕೈಲಾದಷ್ಟು ಗಿಡಗಳನ್ನು ಕಿತ್ತು ಸಸ್ಯೋದ್ಯಾನಗಳಿಗೆ ಸಾಗಿಸಿದರಂತೆ.

ಅಲ್ಲಿಯವರೆಗೂ ಹೂಬತ್ತಿ ಹೊಸೆಯುತ್ತಾ ಸುಮ್ಮನೆ ಕೂತಿದ್ದ ಅತ್ತೆಯವರು ಕೈ ನಿಲ್ಲಿಸಿದರು. “ಎಲ್ಲಾನೂ ಕಿತ್ತರಾ?” ಅಂದರು.

“ಎಲ್ಲಿ ಆಗುತ್ತೆ ಅಜ್ಜಿ? ಕಡಿದಾದ ಬಂಡೆ. ಸಿಕ್ಕಿದಷ್ಟು.”

ನಮ್ಮತ್ತೆಯವರ ತವರು ಶರಾವತಿ ತೀರದ ಹಳ್ಳಿ. ಅವರ ಮದುವೆಯಾದ ಮರುವರ್ಷ, 1964ರಲ್ಲಿ, ಲಿಂಗನಮಕ್ಕಿಯ ಹಿನ್ನೀರಿಗೆ ಮನೆ, ತೋಟ, ದೇವಸ್ಥಾನ ಎಲ್ಲ ಹೋಯಿತು. ಅಣ್ಣಂದಿರು ಶಿವಮೊಗ್ಗದ ಕಡೆ ಹೋಗಿ ನೆಲೆನಿಂತರು. ಮೊದಲ ಬಾಣಂತನಕ್ಕೆ ಹೋದದ್ದು ತಾನು ಕಂಡೇ ಇರದ ಮನೆಗೆ, ಅದನ್ನೇ ತವರು ಅನ್ನಬೇಕಾಯ್ತು ಅಂತ ಒಮ್ಮೆ ಹೇಳಿದ್ದರು. ಅದು ಬಿಟ್ಟು ಆ ವಿಷಯ ಎತ್ತಿದ್ದನ್ನು ಈ ಮೂವತ್ತು ವರ್ಷದಲ್ಲಿ ನಾನು ಕೇಳಿಲ್ಲ.

“ಈಗ ಎಲ್ಲ ಊರಲ್ಲೂ ಚೆನ್ನಾಗಿ ಬೆಳೀತಿದೆಯಲ್ಲ, ಒಂದಿಷ್ಟು ಕುಂಡ ಒಯ್ದು ಅಲ್ಲೇ ನೆಟ್ಟರಾಗದೇ?” ಅಂತ ನಾನು ಕೇಳಿದೆ. ಅಡುಗೆಮನೆಯ ಬುದ್ಧಿ! ನೆಡಲು ಆ ಜಾಗವೇ ನೀರಿನಡಿಯಲ್ಲಿದೆಯಲ್ಲ. ನರ್ಸರಿಯ ಗಿಡಗಳೋ, ಯಾವ ಬೀಜ ಯಾವ ತಾಯಿಯದು ಅಂತ ತಿಳಿಯದ ಹಾಗೆ ಬೆರೆತುಹೋಗಿವೆ. ಬಂಡೆಯ ಮೇಲಾದರೆ ಎಳೆಯ ಸಸಿಗೆ ನೆರಳು ಕೊಡುವ ಪೊದೆ, ಹೂವಿಗೆ ಬರುವ ಜೇನು ಎಲ್ಲ ಜೊತೆಗಿರಬೇಕು. ಕುಂಡದಲ್ಲಿ ಅದ್ಯಾವುದೂ ಇಲ್ಲ. ಮೇಲಿನ ಬಂಡೆಗಳಲ್ಲಿ ಉಳಿದವನ್ನೂ ಕದ್ದು ಕೀಳುವವರಿದ್ದಾರೆ. ದೂರದ ಸಕಾಟೆಕಾಸ್ ರಾಜ್ಯದಲ್ಲಿ ಇನ್ನೊಂದು ನೆಲೆ ಕಂಡದ್ದೊಂದೇ ಸಮಾಧಾನ.

ಅಡುಗೆಮನೆ ಅಂದಾಗ ನೆನಪಾಯಿತು. ಈ ಕಳ್ಳಿಯ ದೊಡ್ಡ ಗಾತ್ರದ ನೆಂಟರನ್ನು ಅಲ್ಲಿಯವರು ‘ಬಿಸ್ನಾಗ’ ಅನ್ನುತ್ತಾರೆ. ಅದರ ತಿರುಳನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಸಕ್ಕರೆ ಪಾಕದಲ್ಲಿ ಬೇಯಿಸಿ ‘ಅಸಿತ್ರೋನ್’ ಮಾಡುತ್ತಿದ್ದರು. ಥೇಟ್ ನಮ್ಮ ಬೂದುಗುಂಬಳದ ಪೇಠಾ! ಜನವರಿ 6ರ ಹಬ್ಬದ ಸಿಹಿ ರೊಟ್ಟಿಯ ಮೇಲೆ ಅದಿರಲೇಬೇಕಿತ್ತು. ಒಂದು ತಟ್ಟೆ ಸಿಹಿಗೆ ಹತ್ತಾರು ವರ್ಷ ಬೆಳೆದ ಗಿಡ ಹೋಗುತ್ತಿತ್ತು. ಈಗ ಅದಕ್ಕೆ ಕಾನೂನಿನ ತಡೆಯಿದೆ, ಸೀಬೆಹಣ್ಣಿನ ಗಟ್ಟಿ ಹಲ್ವದಂಥದ್ದನ್ನು ಪಟ್ಟಿ ಕತ್ತರಿಸಿ ಹಾಕುತ್ತಾರೆ. ಹಬ್ಬವೇನೂ ನಿಂತಿಲ್ಲ.

ನಿಮ್ಮ ಮನೆಯಲ್ಲೂ ಈ ಕಳ್ಳಿ ಇದ್ದರೆ ಮರಳು ಬೆರೆಸಿದ ಮಣ್ಣು ಹಾಕಿ. ಹದಿನೈದು ದಿನಕ್ಕೊಮ್ಮೆ ನೀರು ಸಾಕು, ಮಳೆಗಾಲದಲ್ಲಿ ಅದೂ ಬೇಡ. ಕುಂಡ ಬದಲಿಸುವಾಗ ದಪ್ಪಗೆ ಮಡಚಿದ ಪೇಪರನ್ನು ಸುತ್ತ ಹಾಕಿ ಎತ್ತಿ. ಇಷ್ಟನ್ನೇ ನಾನು ಮನೆಯಲ್ಲೂ ಎಲ್ಲರಿಗೂ ಹೇಳಿದ್ದೆ.

ಈ ಆಷಾಢದಲ್ಲಿ ಒಂದು ರಾತ್ರಿ ಗಾಳಿಮಳೆ. ಜಗಲಿಯಲ್ಲಿ ಏನೋ ಎಳೆದ ಸದ್ದಾಗಿ ಎದ್ದು ಬಂದೆ. ಎಂಬತ್ತರ ಹತ್ತಿರದ ನಮ್ಮತ್ತೆ ಒಂದು ಕೈಯಲ್ಲಿ ಊರುಗೋಲು ಹಿಡಿದು, ಇನ್ನೊಂದರಲ್ಲಿ ಆ ಕುಂಡವನ್ನು ಒಳಗೆ ಎಳೆಯುತ್ತಿದ್ದರು. ಹೆಬ್ಬೆರಳಿಗೆ ಮುಳ್ಳು ಚುಚ್ಚಿತ್ತು. ದೀಪದ ಕೆಳಗೆ ಕೂರಿಸಿ ಸೂಜಿಯಿಂದ ತೆಗೆಯುತ್ತಾ ಗದರಿದೆ. “ನನ್ನ ಕರೆಯಬಾರದಿತ್ತಾ ಅತ್ತೆ?”

“ಅದಕ್ಕೆ ನೀರು ನಿಂತ್ರೆ ಆಗೋಲ್ಲ ಅಂತ ನೀನೇ ಹೇಳಿದ್ಯಲ್ಲೇ” ಅಂದರು.