ಗಾಡಿ ತಗುಲಿದರೆ ಐನೂರು ಇಸ್ಕೊಂಡು ಹೊರಡಬೇಡಿ

ಹೊಸಕೋಟೆ ಕಡೆಯಿಂದ ಸೊಪ್ಪು, ತರಕಾರಿ ಹೇರ್ಕೊಂಡು ಬೆಂಗಳೂರಿಗೆ ಓಡಾಡೋ ನಮಗೆ ಗಾಡಿ ಸಣ್ಣಪುಟ್ಟದಾಗಿ ತಗುಲೋದು ಹೊಸದೇನಲ್ಲ. ಆಗ ತಲೇಲಿ ಓಡೋದು ಒಂದೇ: ಬಿಸಿಲೇರಿದರೆ ಸೊಪ್ಪು ಬಾಡುತ್ತೆ, ಬೇಗ ಮುಗಿಸಿ ಹೊರಡೋಣ. ಎದುರಿನವರಿಗೂ ಅದೇ ಬೇಕು. ಐನೂರೋ ಸಾವಿರವೋ ಕೊಟ್ಟು, ಇಲ್ಲಾ ಇಸ್ಕೊಂಡು, ಹೆಸರೂ ಕೇಳದೆ ಹೊರಟುಬಿಡ್ತೀವಿ.

ಹೋದ ತಿಂಗಳು ರಿಚರ್ಡ್ಸ್ ಟೌನಲ್ಲಿ, ಪಾರ್ಕ್ ಪಕ್ಕದ ರಸ್ತೇಲಿ ಪಿಕಪ್ ನಿಲ್ಲಿಸಿ ಕ್ರೇಟ್ ಇಳಿಸ್ತಿದ್ವಿ. ಒಂದು ಮನೆ ಗೇಟಿಂದ ರಿವರ್ಸ್ ಬಂದ ಕಾರು ನಮ್ಮ ಗಾಡಿ ಹಿಂಭಾಗಕ್ಕೆ ಗುದ್ದಿತು. ಕ್ರೇಟ್ ಹಿಡಿದಿದ್ದ ಹುಡುಗನ ಕೈ ಮಧ್ಯೆ ಸಿಕ್ಕಿತು. "ಏನಿಲ್ಲಣ್ಣ, ಸರಿಹೋಗುತ್ತೆ" ಅಂದ. ಕಾರಿನವರು ಐನೂರರ ನೋಟು ತೆಗೆದರು. ನಾನು ಮುಟ್ಟಲಿಲ್ಲ. "ಸಾರ್, ನಿಮ್ಮ ಹೆಸರು, ವಿಳಾಸ, ಇನ್ಶೂರೆನ್ಸ್ ವಿವರ ಕೊಡಿ. ನಮ್ಮದೂ ಬರ್ಕೊಳ್ಳಿ" ಅಂದೆ. ಗೊಣಗಿದರು, ಆಮೇಲೆ ಕೊಟ್ಟರು. ಸಾಯಂಕಾಲಕ್ಕೆ ಹುಡುಗನ ಮಣಿಕಟ್ಟು ಊದಿತು. ಎಕ್ಸ್‌ರೇ ತೆಗೆಸಿದರೆ ಮೂಳೇಲಿ ಬಿರುಕು. ದಿನಗೂಲಿ ಮೇಲೆ ಬದುಕೋ ಹುಡುಗ, ಮೂರು ವಾರ ಕೆಲಸ ಇಲ್ಲ. ಆ ಐನೂರು ಯಾವ ಮೂಲೆಗೆ? ವಿಳಾಸ ಕೈಲಿತ್ತು, ಠಾಣೇಲೂ ಬರೆಸಿದ್ದೆ. ಆಸ್ಪತ್ರೆ ಖರ್ಚು ಅವರೇ ಕೊಟ್ಟರು.

ನಾನು ಕೇಳಿದ್ದು ಜಬರ್ದಸ್ತಿ ಅಲ್ಲ, ಕಾನೂನು. 1988ರ ಮೋಟಾರು ವಾಹನ ಕಾಯ್ದೆ 132ನೇ ಸೆಕ್ಷನ್ ಪ್ರಕಾರ, ನಷ್ಟ ಆದವರು ಕೇಳಿದರೆ ಚಾಲಕ ತನ್ನದೂ ಗಾಡಿ ಮಾಲೀಕರದೂ ಹೆಸರು, ವಿಳಾಸ ಕೊಡಬೇಕು. ಕೇಳಿದವರೂ ತಮ್ಮದು ಕೊಡಬೇಕು. 134ನೇ ಸೆಕ್ಷನ್ ಪ್ರಕಾರ ಗಾಯ ಆದವರಿಗೆ ಚಿಕಿತ್ಸೆ ಕೊಡಿಸಬೇಕು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ತಡ ಅಂದ್ರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೂ ಬರವಣಿಗೇಲಿ ತಿಳಿಸಬೇಕು. ಜನ ಸೇರಿ ಕೈ ಮಾಡೋ ಹಾಗಿದ್ದರೆ ಅಲ್ಲೇ ನಿಂತು ಏಟು ತಿನ್ನಿ ಅಂತ ಕಾನೂನು ಹೇಳಲ್ಲ. ನೇರ ಠಾಣೆಗೆ ಹೋಗಿ.

ಹಾಗಾಗಿ ಗಾಡಿ ತಗುಲಿದ ತಕ್ಷಣ ಮೊದಲು ಮನುಷ್ಯರನ್ನ ನೋಡಿ. ಪೆಟ್ಟಾಗಿದ್ದರೆ 108, ಗಲಾಟೆ ಆದರೆ 112. ಎರಡೂ ಗಾಡಿ ನಂಬರ್ ಕಾಣೋ ಹಾಗೆ, ರಸ್ತೆ ಸಮೇತ ನಾಲ್ಕು ಫೋಟೊ ತೆಗೀರಿ. ಆಮೇಲೆ ಗಾಡಿ ಪಕ್ಕಕ್ಕೆ ಹಾಕಿ, ಆ ಕಡೆ ರಸ್ತೆಗಳು ಕಿರಿದು. ಯಾರೋ ಹೆದರಿಸಿದರು ಅಂತ ಏನನ್ನೂ ಬರೆದು ಸಹಿ ಹಾಕಬೇಡಿ. ಕ್ಲೇಮ್ ಮಾಡೋದಾದರೆ ಸರ್ವೇಯರ್ ನೋಡೋ ತನಕ ರಿಪೇರಿಗೆ ಕೈ ಹಾಕಿಸಬೇಡಿ.

ಇನ್ನೊಂದು ಮಾತು. ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ನಮ್ಮ ಗಾಡಿ ರಿಪೇರಿಗೆ ಅದರಿಂದ ಒಂದು ರೂಪಾಯಿ ಬರಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ ಸಣ್ಣ ಗೀರಿಗೆಲ್ಲ ಕ್ಲೇಮ್ ಹಾಕಿದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ. ಅದು ಮೊದಲ ವರ್ಷ 20%, ಏರುತ್ತಾ 50% ತನಕ ಸಿಗೋ ರಿಯಾಯಿತಿ. ಲೆಕ್ಕ ಹಾಕಿ ನೋಡಿ.

ಇದನ್ನ ನಿಮ್ಮ ಡ್ರೈವರ್‌ಗೂ ಜೊತೆಗೆ ಹೋಗೋ ಹುಡುಗರಿಗೂ ಓದಿ ಹೇಳಿ. ನಾವು ತೋಟದಲ್ಲಿರ್ತೀವಿ, ಬೆಳಗಿನ ಜಾವ ರಸ್ತೇಲಿರೋದು ಅವರು.