ಮರಳಿ ಕಟ್ಟಿದ ಊರು

ವಾರ್ಸಾದ ಹಳೇ ಪೇಟೆಯ ಚೌಕದಲ್ಲಿ ನಿಂತರೆ, ಸುತ್ತಲಿನ ಬಣ್ಣದ ಮನೆಗಳು ಶತಮಾನಗಳಿಂದ ಹೀಗೇ ಇವೆಯೇನೋ ಅನ್ನಿಸುತ್ತದೆ. ಆದರೆ ಅವುಗಳ ವಯಸ್ಸು ನನ್ನ ಅಜ್ಜಿಯ ವಯಸ್ಸಿಗಿಂತ ಕಡಿಮೆ. 1944ರ ದಂಗೆಯನ್ನು ಹತ್ತಿಕ್ಕಿದ ನಾಜಿಗಳು ಊರನ್ನು ಬೀದಿಬೀದಿಯಾಗಿ ಕೆಡವಿದ್ದರು. ಯುದ್ಧ ಮುಗಿದ ಮೇಲೆ ಜನ, ಬಚ್ಚಿಟ್ಟು ಉಳಿಸಿದ್ದ ನಕ್ಷೆಗಳನ್ನೂ 18ನೇ ಶತಮಾನದ ಕಲಾವಿದ ಬೆಲ್ಲೊಟ್ಟೋನ ಚಿತ್ರಗಳನ್ನೂ ಮುಂದಿಟ್ಟುಕೊಂಡು ಮತ್ತೆ ಕಟ್ಟಿದರು. 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಕಲು ಎಂದು ಮೂಗು ಮುರಿಯಲು ನನಗೆ ಮನಸ್ಸಾಗಲಿಲ್ಲ. ಅಳಿಸಹೊರಟವರಿಗೆ ಕೊಟ್ಟ ಉತ್ತರ ಅದು.

ಅಲ್ಲಿಂದ ಅರ್ಧ ಗಂಟೆ ನಡೆದರೆ ಮುರಾನುಫ್. ಯುದ್ಧಕಾಲದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ ಇದ್ದ ಜಾಗ. 1943ರಲ್ಲಿ ಅವರು ತಿರುಗಿಬಿದ್ದಾಗ ನಾಜಿಗಳು ಅದನ್ನೂ ನೆಲಸಮ ಮಾಡಿದರು. ಇಲ್ಲಿ ಹಳೆಯ ಬೀದಿಗಳನ್ನು ಯಾರೂ ಮರಳಿ ಕಟ್ಟಲಿಲ್ಲ. ಇಟ್ಟಿಗೆ ಚೂರುಗಳ ದಿಬ್ಬದ ಮೇಲೆಯೇ ಹೊಸ ಬಡಾವಣೆ ಎದ್ದಿತು. ಕೆಲವು ಕಟ್ಟಡಗಳ ಬಾಗಿಲಿಗೆ ಹೋಗಲು ಇವತ್ತಿಗೂ ಮೆಟ್ಟಿಲು ಹತ್ತಬೇಕು. ಹತ್ತುವುದು ಯಾರದೋ ಅಡುಗೆಮನೆಯ ಮೇಲೆ. ಘೆಟ್ಟೊದ ಗೋಡೆ ಎಲ್ಲಿತ್ತೆಂದು ಪಾದಚಾರಿ ಹಾದಿಯಲ್ಲಿ ಹುದುಗಿಸಿದ ಕಬ್ಬಿಣದ ಪಟ್ಟಿಗಳು ಹೇಳುತ್ತವೆ.

ನಕ್ಷೆಯಿದ್ದರೆ ಮನೆ ಮತ್ತೆ ಏಳುತ್ತದೆ. ಆದರೆ ಕಟ್ಟಿಕೊಡಿ ಎಂದು ಕೇಳಲು ಆ ಮನೆಯವರು ಉಳಿದಿರಬೇಕು.