ಆಸರಾಗಳೂ ತ್ರೀಫೇಸ್ ಕರೆಂಟೂ

ಡಬ್ಲಿನ್ನಿನಲ್ಲಿರುವ ತಂಗಿಯ ಮಗ ಐರ್ಲೆಂಡಿನ ಯಕ್ಷಿಣಿಯರ ಪುರಾಣ ತೆಗೆದಾಗಲೆಲ್ಲ ನನಗೆ ರೇಗುತ್ತದೆ. ಅವನು ಹುಟ್ಟಿದ್ದು ಚಿಕ್ಕೋಡಿಯಲ್ಲಿ. ಅಜ್ಜನ ಹೊಲದ ಬಾವಿ ದಂಡೆಯಲ್ಲಿ ಸಿಂಧೂರ ಬಳಿದ ಏಳು ಕಲ್ಲುಗಳಿದ್ದವು. ಅವಕ್ಕೆ ಚಪ್ಪಲಿಗಾಲು ತಾಗಿಸಿ ಅಜ್ಜಿಯಿಂದ ಬೈಸಿಕೊಂಡವನೂ ಇವನೇ. ಆ ಕಲ್ಲುಗಳೇ ಆಸರಾ, ನಿಪ್ಪಾಣಿಯ ಮರಾಠಿ ಬಾಯಲ್ಲಿ ಸಾತಿ ಆಸರಾ. ನೀರಿನಲ್ಲಿರುವ ಏಳು ಅಕ್ಕತಂಗಿಯರು. ಮಟಮಟ ಮಧ್ಯಾಹ್ನ ಒಬ್ಬರೇ ಬಾವಿಗೆ ಹೋದರೆ ಹಿಡಿಯುತ್ತಾರೆ. ಹಸಿರು ಬಳೆ, ಅರಿಷಿಣ ಕುಂಕುಮ, ಲಿಂಬಿಹಣ್ಣು ಕೊಟ್ಟರೆ ಬಿಡುತ್ತಾರೆ. ಗಣಿತದ ಪ್ರೊಫೆಸರ್ ಡಿ.ಡಿ. ಕೊಸಾಂಬಿ ಪುಣೆಯ ಸುತ್ತ ಕಾಲ್ನಡಿಗೆಯಲ್ಲಿ ಅಲೆದು ಇಂಥ ಕಲ್ಲುಗಳನ್ನು ಹುಡುಕಿದರು, 1962ರಲ್ಲಿ ಪುಸ್ತಕವನ್ನೂ ತಂದರು.

ನನಗೆ ಆಸರಾಗಳ ವಿದ್ಯೆ ಕಲಿಸಿದವನು ಮೋಟಾರು ರಿಪೇರಿ ಮಾಡುವ ಒಬ್ಬ ಕಾಕಾ. ರಾಯಬಾಗ, ಕಾಗವಾಡ, ಯಾವ ಕಡೆ ಪಂಪು ಕೆಟ್ಟರೂ ಅವನೇ ಬೇಕು. ಅಂಗಿಯ ಒಂದು ಕಿಸೆಯಲ್ಲಿ ಟೆಸ್ಟರು, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಬಳೆ. ಬಳೆ ಇಡದೆ ಬಾವಿಗೆ ಇಳಿದವನಲ್ಲ. ಬಳೆಯ ದುಡ್ಡನ್ನು ಬಿಲ್ಲಿಗೆ ಸೇರಿಸದೆ ಬಿಟ್ಟವನೂ ಅಲ್ಲ. ಫ್ಯೂಸು ಹೋದರೆ ಲೈನಿನ ತಪ್ಪು, ಮೋಟಾರೇ ಸುಟ್ಟರೆ ಆಸರಾ. “ನಡುರಾತ್ರಿ ತ್ರೀಫೇಸ್ ಬಿಡ್ತಾರ್ರಿ. ಅದು ಅವರ ಜಳಕದ ಹೊತ್ತು. ಹೆಣ್ಣಮಕ್ಕಳು ಜಳಕಾ ಮಾಡೂಮುಂದ ಮೋಟಾರ ಚಾಲೂ ಮಾಡಿದ್ರ ಸುಮ್ಮ ಇರ್ತಾರೇನು?” ರಾತ್ರಿ ಕರೆಂಟು ಬೇಡವೆಂದು ಅರ್ಜಿ ಕೊಡುವ ರೈತರು ಈ ಕಾರಣವನ್ನು ಬರೆದಂತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಹೊಳೆದಂಡೆಯ ಊರುಗಳು ಮುಳುಗಿದಾಗ ಅವನ ಚಿಂತೆಯೇ ಬೇರೆ: “ಕೊಯ್ನಾ ಡ್ಯಾಮಿನ ನೀರಿನಾಗ ಆ ಕಡೆ ಆಸರಾ ಬಂದಿರ್ತಾರು. ನಮ್ಮವರ ಜೋಡಿ ಜಗಳ ಆಕ್ಕೈತಿ, ನೋಡ್ರಿ.”

ಜಗಳವಾಡಲು ಬಾವಿಯಾದರೂ ಉಳಿಯಬೇಕಲ್ಲ. ಬೋರು ಕೊರೆಸಿದ ಮೇಲೆ ಬಾವಿಗೆ ಕಲ್ಲುಮಣ್ಣು ತುಂಬಿ ಕಬ್ಬು ಹಚ್ಚುತ್ತಾರೆ. ಆರೂವರೆ ಇಂಚಿನ ಬೋರಿನಲ್ಲಿ ಏಳು ಹೆಂಗಸರು ಸಂಸಾರ ಮಾಡುವುದಾದರೂ ಹೇಗೆ?

ಡಬ್ಲಿನ್ನಿನ ಅಳಿಯ ಹೇಳುವ ಕತೆಯಲ್ಲಿ ನನಗೆ ಹೊಟ್ಟೆಕಿಚ್ಚಾಗುವುದು ಒಂದೇ ಕಡೆ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್ ಎಂಬಲ್ಲಿ ಹೆದ್ದಾರಿಗೆ ಒಂದು ಮುಳ್ಳುಗಿಡ ಅಡ್ಡ ಬಂತು. ಅದು ಯಕ್ಷಿಣಿಯರ ಗಿಡ, ಕಡಿಯಬೇಡಿ ಎಂದು ಕತೆಗಾರ ಎಡ್ಡಿ ಲೆನಿಹನ್ ಪತ್ರಿಕೆಗೆ ಬರೆದು ಹಟ ಹಿಡಿದರು. ಗಿಡ ಉಳಿಯಿತು, ರಸ್ತೆಯೂ ಆಯಿತು. ಯಕ್ಷಿಣಿಯರನ್ನು ಆ ರಸ್ತೆಯ ಎಂಜಿನಿಯರುಗಳು ನಂಬಿದ್ದರೆಂದು ನನಗನ್ನಿಸುವುದಿಲ್ಲ. ಊರಿನವರ ಮಾತಿಗೆ ಕಿವಿಗೊಟ್ಟರು, ಅಷ್ಟೇ.

ಅಥಣಿಯಲ್ಲೋ ನಿಪ್ಪಾಣಿಯಲ್ಲೋ ಬಾವಿ ಮುಚ್ಚಿಸಲು ಜೆಸಿಬಿ ಕರೆಸುವವರು ಮನೆಯ ಹಿರಿಯ ಹೆಣ್ಣುಮಗಳನ್ನು ಮೊದಲು ಒಂದು ಮಾತು ಕೇಳಿ. ಮುಚ್ಚಲೇಬೇಕೆಂದಿದ್ದರೆ ಆ ಏಳು ಕಲ್ಲುಗಳನ್ನಾದರೂ ಎತ್ತಿ ಬದುವಿನ ಮೇಲಿಡಿ.